ಪಟ್ಟಣವನ್ನು ತೊರೆದ ಒಂದು ಸಂಸಾರ



ಪಟ್ಟಣವನ್ನು ಬಿಟ್ಟು ಹಳ್ಳಿಯಲ್ಲಿ ಸಂಸಾರ ಹೂಡಬೇಕೆಂಬ ಮಾತು ಈಗ ಎಲ್ಲೆಡೆಯಲ್ಲಿಯೂ ಕೇಳಿಬರುತ್ತಿದೆ. ಹಳ್ಳಿಯ ಗಾಳಿ ಬೆಳಕುಗಳನ್ನು ಬಣ್ಣಿಸುವವರು ಬಹುಮಂದಿ. ಹಾಗೆ ಹೋದವನು ವರುಷ ತುಂಬುವುದರೊಳಗಾಗಿ ಗಂಟುಮೂಟೆ ಕಟ್ಟಿಕೊಂಡು ಮರಳುವನೆಂದು ನಗುವವರೂ ಬಹುಮಂದಿ. ಈ ಎರಡು ಪಕ್ಷದವರಲ್ಲಿ ಲೆಕ್ಕದ ಹೊತ್ತಗೆಯನ್ನು ಬಿಚ್ಚಿ ನೋಡಿದವರು ವಿರಳ. ಹಾಗೆ ನೋಡಿದ ಒಂದು ಸಂಸಾರದ ವೃತ್ತಾಂತವು ದೂರದ ಅಮೆರಿಕಾ ದೇಶದ್ದು. ಆದರೂ ಮಕ್ಕಳನ್ನು ಬೆಂಗಳೂರು ಪುಣೆಗಳಿಗೆ ಕಳುಹಿಸಿ ಹೊಲವನ್ನು ಅನ್ಯರಿಗೆ ಪಾಲಿಗೆ ಕೊಟ್ಟಿರುವ ತಂದೆತಾಯಿಗಳೂ, ಹಿಂದಿರುಗಲೆಳಸುವ ಆ ಮಕ್ಕಳೂ ಅದನ್ನು ಕೇಳುವುದು ಉಚಿತವಾಗಿದೆ.

ರಾಲ್ಫ್ ಬೋರ್ಸೋಡಿಯೆಂಬವರು ಮಡದಿ ಮರ್ಟಲ್ ಮೇ ಮತ್ತು ಇಬ್ಬರು ಎಳೆಯ ಗಂಡುಮಕ್ಕಳೊಡನೆ ನ್ಯೂಯಾರ್ಕ್ ನಗರದಲ್ಲಿ ಬಾಡಿಗೆಯ ಮನೆಯಲ್ಲಿ ವಾಸವಾಗಿದ್ದರು. ಆ ಮಹಾನಗರದಲ್ಲಿ ಇಲ್ಲದ ಸೌಕರ್ಯವಿರಲಿಲ್ಲ. ಆದರೆ ನೌಕರಿ ಎಂದು ತಪ್ಪುವುದೋ ಎಂಬ ಅಂಜಿಕೆಯಿಂದ ಯಾವ ಸೌಕರ್ಯವೂ ರುಚಿಸದಂತಾಗಿತ್ತು. 1920ರಲ್ಲಿ, ಮನೆಗಳಿಗೆ ಬಹಳ ಅಭಾವವಿದ್ದಾಗಲೇ, ಅವರಿದ್ದ ಮನೆಯು ಪರರಿಗೆ ಮಾರಾಟವಾಯಿತು. ಆಗ ಅವರು ರಾಕ್‌ಲ್ಯಾಂಡ್ ಪ್ರಾಂತದಲ್ಲಿ, ನಗರದಿಂದ ಒಂದೂಮುಕ್ಕಾಲು ಗಂಟೆಯ ಪ್ರಯಾಣದ ದೂರದಲ್ಲಿ, ಏಳು ಎಕರೆಗೆ ತುಸು ಮಿಕ್ಕ ನೆಲವನ್ನು ಕೊಂಡರು. ಅಲ್ಲಿದ್ದ ಮರದ ಮನೆಗೆ ನೀರಿನ ಕೊಳಾಯಿಯಾಗಲಿ ವಿದ್ಯುದ್ದೀಪವಾಗಲಿ ಇರಲಿಲ್ಲ. ಒಂದು ಹಳೆಯ ಕೊಟ್ಟಿಗೆ, ಬೀಳುವಂತಿದ್ದ ಕೋಳಿಗೂಡು, ಕೆಲವು ಸೇಬಿನ ಮರಗಳು, ಇಷ್ಟೇ ಆಸ್ತಿ. ಮರುವರುಷವೇ ದೇಶಕ್ಕೆ ವ್ಯಾಪಾರದ ಮುಗ್ಗಟ್ಟು ಬಂದು ಲಕ್ಷಾಂತರ ಜನರು ಕೆಲಸವಿಲ್ಲದೆ ಬೀದಿಗಳಲ್ಲಿ ಅಲೆಯುತ್ತಿದ್ದಾಗ, ಈ ಮನೆಯಲ್ಲಿ ಮೊಟ್ಟೆ, ಹಾಲು, ಕಾಯಿಪಲ್ಲೆಗಳಿಗೆ ಕೊರತೆಯಾಗಲಿಲ್ಲ.

ಅವರ ವಿಚಾರಸರಣಿಗೆ ಕಾರಣವಾದುದು ಒಂದು ಟೊಮ್ಯಾಟೋ ಹಣ್ಣಿನ ಲೆಕ್ಕ. ಮಡದಿಯು ತೋಟದ ಹಣ್ಣುಗಳನ್ನು ಬೇಯಿಸಿ ಭರಣಿಗಳಲ್ಲಿ ತುಂಬಿಡುತ್ತಿದ್ದುದನ್ನು ಕಂಡು ಬೋರ್ಸೋಡಿಯವರಿಗೆ ಸಂದೇಹವುಂಟಾಯಿತು. ಸಾವಿರಾರು ಡಬ್ಬಿಗಳನ್ನು ಯಂತ್ರದಿಂದ ತುಂಬುವ ಕಾರ್ಖಾನೆಯೊಡನೆ ಒಬ್ಬ ಗೃಹಿಣಿಯ ಒಲೆಯು ಸ್ಪರ್ಧಿಸುವುದೆಂತು? ಆಕೆಯ ದುಡಿಮೆಗೆ ಕೂಲಿ, ಉರುವಲು, ಪಾತ್ರೆಯ ಸವಕಳಿ ಇವೆಲ್ಲವನ್ನೂ ಸೇರಿಸಿ ಲೆಕ್ಕ ಹಾಕಿದಾಗ, ಮನೆಯ ಪದಾರ್ಥವು ಅಂಗಡಿಯದಕ್ಕಿಂತ ನೂರಕ್ಕೆ 20ರಿಂದ 30ರಷ್ಟು ಅಗ್ಗವಾಗಿತ್ತು. ಕಾರ್ಖಾನೆಯು ತಯಾರಿಕೆಯ ವೆಚ್ಚವನ್ನು ತಗ್ಗಿಸುವುದು ನಿಜ. ಆದರೆ ಸಾಗಾಣಿಕೆ, ಉಗ್ರಾಣ, ಜಾಹೀರಾತು, ಸಗಟು ವರ್ತಕನ ಲಾಭ, ಚಿಲ್ಲರೆ ವರ್ತಕನ ಲಾಭ, ಇವೆಲ್ಲವೂ ಆ ಡಬ್ಬಿಯ ಮೇಲೆಯೇ ಕುಳಿತು ಬರುವುವು. ಒಲೆಯಿಂದ ಊಟದ ಮಣೆಗೆ ಬರುವ ಪದಾರ್ಥಕ್ಕೆ ಈ ಭಾರವಿಲ್ಲ. ಸಾಮಾನ್ಯ ಸಂಸಾರವು ಕೊಳ್ಳುವ ವಸ್ತುಗಳಲ್ಲಿ ಮೂರರಲ್ಲಿ ಎರಡು ಪಾಲನ್ನು ಮನೆಯಲ್ಲಿಯೇ ಅಗ್ಗವಾಗಿ ಮಾಡಿಕೊಳ್ಳಬಹುದೆಂದು ಅವರು ಕಡೆಗೆ ನಿರ್ಣಯಿಸಿದರು. ಕಲಬುರಗಿಯ ಸೀಮೆಯಲ್ಲಿ ತೊಗರಿ ಬೆಳೆದವನು ರಾಶಿಯನ್ನೆಲ್ಲ ಮಾರುಕಟ್ಟೆಗೆ ಸಾಗಿಸಿ, ತನ್ನ ಮನೆಯ ಸಾರಿಗೆ ಬೇಳೆಯನ್ನು ಅಂಗಡಿಯಿಂದ ತರುವುದುಂಟು. ಅವನು ವಾಸಿಸುವುದು ಹಳ್ಳಿಯಲ್ಲಿಯೇ. ಅವನ ಅಡುಗೆಮನೆ ಮಾತ್ರ ಪಟ್ಟಣದಲ್ಲಿದೆ!

ಬೋರ್ಸೋಡಿಯವರು ಯಂತ್ರದ ವೈರಿಗಳಲ್ಲ. ಮನೆಗೆ ವಿದ್ಯುಚ್ಛಕ್ತಿಯನ್ನು ತರಿಸಿದರು. ಸಣ್ಣ ಬೀಸುವ ಯಂತ್ರದಲ್ಲಿ ಗೋಧಿಯನ್ನು ಬೀಸಿ ರೊಟ್ಟಿ ಸುಟ್ಟರು. ಮಗ್ಗವನ್ನಿಟ್ಟು ಉಣ್ಣೆಯ ಬಟ್ಟೆ ನೆಯ್ದರು. ಕೆಲವು ವರುಷಗಳ ತರುವಾಯ ಸಫರ್ನ್ ಎಂಬ ಊರಿನ ಬಳಿ ಬೇರೆ ನೆಲವನ್ನು ಕೊಂಡು, ಅಲ್ಲಿ ದೊರೆತ ಕಲ್ಲುಗಳಿಂದಲೇ ಮನೆ ಕಟ್ಟಿದರು. ಮಕ್ಕಳನ್ನು ಶಾಲೆಯಿಂದ ಬಿಡಿಸಿ ತಾಯಿಯೇ ಪಾಠ ಹೇಳಿದಳು. ದಿನಕ್ಕೆ ಎರಡು ಗಂಟೆಗಳ ಪಾಠವೇ ಸಾಕಾಯಿತು.

ಇಲ್ಲಿ ಮರೆಮಾಚಬಾರದ ಸಂಗತಿಗಳು ಎರಡುಂಟು. ಈ ಗೃಹಸ್ಥರು ನಗರದ ದೊಡ್ಡ ಅಂಗಡಿಗಳಿಗೆ ಅರ್ಥಶಾಸ್ತ್ರದ ಸಲಹೆ ನೀಡುವ ಉದ್ಯೋಗವನ್ನು ಹಳ್ಳಿಗೆ ಬಂದ ಮೇಲೆಯೂ ನಡೆಯಿಸಿದರು. ತೆರಿಗೆ, ಔಷಧ, ಉಪಕರಣಗಳಿಗೆ ನಗದು ಹಣ ಬೇಕೇ ಬೇಕು. ಅದನ್ನು ಏಳು ಎಕರೆಯ ಬೆಳೆಯಿಂದಲೇ ಹಿಂಡಲೆಳಸುವವನು ಪುನಃ ಪೇಟೆಯ ಧಾರಣೆಗೆ ಅಡಿಯಾಳಾಗುವನು. ಇನ್ನೊಂದು ಇದಕ್ಕಿಂತಲೂ ಗುರುತರವಾದುದು. ಭರಣಿ ತುಂಬಿದವಳೂ ಮಕ್ಕಳಿಗೆ ಕಲಿಸಿದವಳೂ ಮಡದಿಯೇ. ಪಟ್ಟಣವನ್ನು ಬಿಡುವ ನಿಶ್ಚಯವು ಗಂಡಸಿನದಾಗಿ, ದುಡಿಮೆಯು ಹೆಂಗಸಿನದಾದರೆ, ಅದು ಸಂಸಾರವನ್ನು ಕಟ್ಟಿದಂತಾಗದು. ಟೊಮ್ಯಾಟೋ ಲೆಕ್ಕದಲ್ಲಿ ಆಕೆಯ ಕೂಲಿಯನ್ನು ಬಿಡದೆ ಬರೆದುದೇ ಆ ಲೆಕ್ಕದ ಹಿರಿಮೆ. ನಮ್ಮ ನಾಡಿನಲ್ಲಿ ಆ ಅಂಕಣವು ಇಂದಿಗೂ ಬರಿದಾಗಿಯೇ ಇದೆ.

1933ರಲ್ಲಿ ಬೋರ್ಸೋಡಿಯವರ ‘ಫ್ಲೈಟ್ ಫ್ರಂ ದಿ ಸಿಟಿ’ ಗ್ರಂಥವು ಪ್ರಕಟವಾಯಿತು. ಮಹಾ ಮುಗ್ಗಟ್ಟಿನಲ್ಲಿ ಸಿಲುಕಿದ್ದ ಓಹಾಯೋ ಸಂಸ್ಥಾನದ ಡೇಟನ್ ನಗರದವರು, ಕೆಲಸವಿಲ್ಲದ ಕುಟುಂಬಗಳನ್ನು ನೆಲದ ಮೇಲೆ ನೆಲೆಗೊಳಿಸಲು ಅವರ ನೆರವನ್ನು ಬೇಡಿದರು. ಕೇಂದ್ರ ಸರಕಾರವು ಅದಕ್ಕೆ 50,000 ಡಾಲರುಗಳ ಸಾಲ ಕೊಟ್ಟಿತು. ಆದರೆ 1934ರಲ್ಲಿ ವಾಷಿಂಗ್ಟನ್ನಿನ ಅಧಿಕಾರಿಗಳು ಆಡಳಿತವನ್ನೆಲ್ಲ ತಮ್ಮ ಕೈಗೆ ತೆಗೆದುಕೊಳ್ಳಲು, ಸ್ವಾವಲಂಬನೆಗೆಂದು ಹೊರಟ ಕಾರ್ಯವು ಕಾಗದಪತ್ರಗಳಲ್ಲಿ ತೊಡಕಿಕೊಂಡಿತು. ಬೋರ್ಸೋಡಿಯವರು ಅದನ್ನು ಬಿಟ್ಟು ಸಫರ್ನಿಗೆ ಮರಳಿ, ಗೃಹಕೃತ್ಯ, ಕೃಷಿ, ನೇಯ್ಗೆಗಳೊಡನೆ ಮನೆವಾರ್ತೆಯ ಲೆಕ್ಕವನ್ನೂ ಕಲಿಸುವ ಒಂದು ವಿದ್ಯಾಲಯವನ್ನು ಸ್ಥಾಪಿಸಿದರು. ಶಿಕ್ಷಣವನ್ನು ಕುರಿತ ಅವರ ಒಂದು ಗ್ರಂಥವು 1963ರಲ್ಲಿ ಭಾರತದಲ್ಲಿಯೇ, ಗುಜರಾತಿನ ವಲ್ಲಭವಿದ್ಯಾನಗರದಲ್ಲಿ, ಅಚ್ಚಾಯಿತು.