ಜೋಳಿಗೆಗೆ ಹಾಕಿದ ಮಾರನೆಯ ದಿನ



ಜಂಗಮನ ಜೋಳಿಗೆ ಎಂದರೆ ನಮಗೆ ನೆನಪಾಗುವುದು ಜೋಳ, ರೊಟ್ಟಿ, ಕಾಣಿಕೆ. ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಅದೇ ಜೋಳಿಗೆ ಹಿಡಿದು ಊರೂರು, ಕೇರಿಕೇರಿ ತಿರುಗಿ ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡತೊಡಗಿದರು. ಅದೇ ಮಹಾಂತ ಜೋಳಿಗೆ. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಮ್ಮ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. 2018ರಲ್ಲಿ ಪೂಜ್ಯರು ಲಿಂಗೈಕ್ಯರಾದರು. ಜೋಳಿಗೆ ಈಗ ನಮ್ಮ ಹೆಗಲಿಗೆ ಬಂದಿದೆ.

ನಾನಿಂದು ಹೇಳಬೇಕೆಂದಿರುವುದು ಚಟವನ್ನು ಜೋಳಿಗೆಗೆ ಹಾಕಿದ ಮಾರನೆಯ ದಿನದ ಮಾತು. ಸಭೆಯಲ್ಲಿ ಒಬ್ಬ ಪ್ರತಿಜ್ಞೆ ಮಾಡುತ್ತಾನೆ, ನಾವು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತೇವೆ. ಅವನ ಮನೆಯಲ್ಲಿ ಏನಾಗುತ್ತದೆ? ವರ್ಷಗಟ್ಟಲೆ ದಿನವೂ ಕುಡಿದ ದೇಹ ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಕೆಲವೇ ತಾಸುಗಳಲ್ಲಿ ಕೈ ನಡುಗುತ್ತದೆ, ಬೆವರು ಇಳಿಯುತ್ತದೆ, ನಿದ್ದೆ ಹತ್ತುವುದಿಲ್ಲ. ಕೆಲವರಿಗೆ ಮೊದಲೆರಡು ದಿನದೊಳಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ಇಲ್ಲದ ದನಿ ಕೇಳಿಸುತ್ತದೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಅದನ್ನು ದೆವ್ವದ ಕಾಟವೆಂದು ತಿಳಿದು ತಾಯಿತ ಕಟ್ಟಿಸುವವರಿದ್ದಾರೆ. ನಡುಕ ನೋಡಲಾರದೆ ಮತ್ತೆ ಕುಡಿಸುವ ತಾಯಂದಿರೂ ಇದ್ದಾರೆ.

ಆದ್ದರಿಂದ ಪ್ರತಿಜ್ಞೆ ಮಾಡಿಸುವ ಮುನ್ನ ಕೇಳಿರಿ: ಎಷ್ಟು ವರ್ಷದಿಂದ ಕುಡಿಯುತ್ತೀಯಪ್ಪ? ಬೆಳಗೆದ್ದರೆ ಕೈ ನಡುಗುತ್ತದೆಯೇ? ಹೌದೆಂದರೆ ಅವನನ್ನು ಮೊದಲು ವೈದ್ಯರ ಬಳಿ ಕರೆದೊಯ್ಯಿರಿ. ಜಿಲ್ಲಾ ಆಸ್ಪತ್ರೆಗೆ ಹೋಗಿರಿ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 14446 ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮಂದಿ ನಮ್ಮ ಓಣಿಗಳಲ್ಲೇ ಇದ್ದಾರೆ.

ಇನ್ನೊಂದು ಮಾತು. ಬಿಟ್ಟವನು ಮತ್ತೆ ಕುಡಿದರೆ ಮಾತಿಗೆ ತಪ್ಪಿದವನೆಂದು ದೂರ ತಳ್ಳಬೇಡಿರಿ. ಈ ರೋಗದಲ್ಲಿ ಜಾರುವುದು ಸಾಮಾನ್ಯ. ಮತ್ತೆ ಎಬ್ಬಿಸಿ ನಿಲ್ಲಿಸುವುದು ನಮ್ಮ ಕೆಲಸ. ಸಂಜೆ ಆರಕ್ಕೆ ಅವನ ಕಾಲು ಅಂಗಡಿಯ ಕಡೆ ಎಳೆಯುತ್ತದೆ. ಆ ಹೊತ್ತಿಗೆ ಇಬ್ಬರು ಹೋಗಿ ಅವನ ಜೊತೆ ಕೂತುಕೊಳ್ಳಿರಿ, ಮಠಕ್ಕೆ ಕರೆತನ್ನಿರಿ, ದಾಸೋಹದಲ್ಲಿ ಕೆಲಸ ಕೊಡಿರಿ. ಕಾಯಕ ಸಿಕ್ಕ ಕೈಗೆ ಬಾಟಲಿಯ ನೆನಪು ಕಡಿಮೆಯಾಗುತ್ತದೆ. ಅವನ ಹೆಂಡತಿ ಮಕ್ಕಳು ಉಂಡರೋ ಇಲ್ಲವೋ, ಅದನ್ನೂ ವಿಚಾರಿಸಿರಿ.

ಬೇಡಿ ಪಡೆದ ಚಟ ಮತ್ತೆ ಅವನ ಮನೆಗೆ ಹೋಗದಂತೆ ಕಾಯುವುದೂ ಜೋಳಿಗೆ ಹೊತ್ತವರ ಹೊಣೆ. ಪ್ರತಿ ಊರಿನಲ್ಲಿ ಇದಕ್ಕಾಗಿ ಐದು ಮಂದಿ ಮುಂದೆ ಬಂದರೆ ಸಾಕು. ಇಂದೇ ಹೆಸರು ಕೊಟ್ಟು ಹೋಗಿರಿ.