ಸಮಾಜವಾದ ಮತ್ತು ಯುದ್ಧದ ಸಮಸ್ಯೆ



ರಾಷ್ಟ್ರ ರಾಷ್ಟ್ರಗಳು ಏಕೆ ಯುದ್ಧ ಮಾಡುತ್ತವೆ? ಹತ್ತೊಂಬತ್ತನೆಯ ಶತಮಾನದ ಸಮಾಜವಾದಿಗಳಲ್ಲಿ ಇದಕ್ಕೆ ಸ್ಪಷ್ಟವಾದ ಉತ್ತರವಿತ್ತು. ಮಾರುಕಟ್ಟೆಗಾಗಿ, ವಸಾಹತುಗಳಿಗಾಗಿ ಬಂಡವಾಳಗಾರರು ಪೈಪೋಟಿ ನಡೆಸುತ್ತಾರೆ. ರಣರಂಗದಲ್ಲಿ ಸಾಯುವವನು ಕಾರ್ಮಿಕ. ಎಲ್ಲ ದೇಶಗಳ ಕಾರ್ಮಿಕರು ಒಂದಾದರೆ ಯುದ್ಧ ನಡೆಯಲಾರದು ಎಂಬುದು ಅವರ ನಂಬಿಕೆಯಾಗಿತ್ತು.

1907ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಎರಡನೆಯ ಇಂಟರ್‌ನ್ಯಾಷನಲ್‌ನ ಸಮ್ಮೇಳನ ಸೇರಿತು. ಮೇಡಂ ಕಾಮಾ ಭಾರತದ ಧ್ವಜವನ್ನು ಎತ್ತಿ ಹಿಡಿದದ್ದು ಇಲ್ಲಿಯೇ. ಯುದ್ಧವನ್ನು ತಡೆಯಲು ಕಾರ್ಮಿಕರು ಸರ್ವಪ್ರಯತ್ನ ಮಾಡಬೇಕೆಂದು ಸಮ್ಮೇಳನ ನಿರ್ಣಯಿಸಿತು. ಆದರೆ ಸಾರ್ವತ್ರಿಕ ಮುಷ್ಕರವನ್ನಾಗಲಿ, ಬೇರೆ ಯಾವುದೇ ಕ್ರಮವನ್ನಾಗಲಿ ಕಡ್ಡಾಯಗೊಳಿಸಲಿಲ್ಲ.

ಈ ಕೊರತೆ 1914ರಲ್ಲಿ ಬಯಲಾಯಿತು. ಶಾಂತಿಗಾಗಿ ದುಡಿಯುತ್ತಿದ್ದ ಫ್ರೆಂಚ್ ಸಮಾಜವಾದಿ ನಾಯಕ ಜಾನ್ ಜೋರೆಸ್ ಜುಲೈ 31ರಂದು ಪ್ಯಾರಿಸ್ಸಿನಲ್ಲಿ ಕೊಲೆಯಾದರು. 1912ರ ಚುನಾವಣೆಯಲ್ಲಿ 110 ಸ್ಥಾನ ಗೆದ್ದಿದ್ದ ಜರ್ಮನಿಯ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಆಗಸ್ಟ್ 4ರಂದು ಯುದ್ಧಸಾಲಕ್ಕೆ ಮತ ನೀಡಿತು. ಜರ್ಮನರಿಗೆ ರಷ್ಯದ ಝಾರ್ ದೊರೆಯ ಭಯ. ಫ್ರೆಂಚರಿಗೆ ಜರ್ಮನ್ ಸೇನೆಯ ಭಯ. ಎರಡೂ ಕಡೆಯವರು ಆತ್ಮರಕ್ಷಣೆಯ ಮಾತನ್ನೇ ಆಡಿದರು. ಡಿಸೆಂಬರ್ 2ರಂದು ಮತ್ತೆ ಸಾಲದ ಪ್ರಶ್ನೆ ಬಂದಾಗ ಜರ್ಮನ್ ಸಂಸತ್ತಿನಲ್ಲಿ ವಿರೋಧವಾಗಿ ಮತ ಹಾಕಿದವರು ಕಾರ್ಲ್ ಲೀಬ್‌ಕ್ನೆಕ್ಟ್ ಒಬ್ಬರೇ.

ಇದನ್ನು ಕೇವಲ ನಾಯಕರ ದ್ರೋಹವೆಂದರೆ ಸಾಲದು. ಮತದಾನದ ಹಕ್ಕು, ಶಾಲೆ, 1883ರಿಂದ ಬಂದ ಆರೋಗ್ಯ ವಿಮೆ ಇವುಗಳಿಂದ ಜರ್ಮನ್ ಕಾರ್ಮಿಕನಿಗೂ ತನ್ನ ರಾಷ್ಟ್ರದಲ್ಲಿ ಒಂದು ಪಾಲು ದೊರೆತಿತ್ತು. ಅದನ್ನು ಕಳೆದುಕೊಳ್ಳುವ ಅಂಜಿಕೆಯೂ ಹುಟ್ಟಿತ್ತು.

ಸಮಾಜವಾದಿಗಳೇ ಅಧಿಕಾರಕ್ಕೆ ಬಂದರೆ ಯುದ್ಧ ನಿಲ್ಲುವುದೇ? 1969ರ ಮಾರ್ಚ್‌ನಲ್ಲಿ ಉಸ್ಸೂರಿ ನದಿಯ ದ್ವೀಪವೊಂದಕ್ಕಾಗಿ ಸೋವಿಯತ್ ಮತ್ತು ಚೀನೀ ಸೈನಿಕರು ಗುಂಡು ಹಾರಿಸಿಕೊಂಡರು. 1978ರ ಡಿಸೆಂಬರ್‌ನಲ್ಲಿ ವಿಯೆಟ್ನಾಂ ಸೇನೆ ಕಾಂಬೋಡಿಯವನ್ನು ಹೊಕ್ಕಿತು. 1979ರ ಫೆಬ್ರವರಿ 17ರಂದು ಚೀನಾ ವಿಯೆಟ್ನಾಮಿನ ಮೇಲೆ ದಾಳಿ ಮಾಡಿತು. ಇಲ್ಲೆಲ್ಲ ಎರಡೂ ಕಡೆ ಇದ್ದದ್ದು ಕೆಂಪು ಬಾವುಟವೇ. ಕಾದಾಟಕ್ಕೆ ಕಾರಣವಾದದ್ದು ಗಡಿ, ಭದ್ರತೆ, ಪ್ರಭಾವ.

ಹಾಗೆಂದು ಹಳೆಯ ಸಿದ್ಧಾಂತ ಪೂರ್ತಿ ಸುಳ್ಳಲ್ಲ. ಯುದ್ಧದಿಂದ ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬ ಅದರ ಪ್ರಶ್ನೆ ಇಂದಿಗೂ ಕೇಳತಕ್ಕದ್ದೇ. ಆದರೆ ಪ್ರಭುತ್ವಕ್ಕೆ ತನ್ನದೇ ಆದ ಭಯ ಮತ್ತು ಹಟಗಳಿವೆ; ಮಾಲೀಕರು ಬದಲಾದ ಮಾತ್ರಕ್ಕೆ ಅವು ಅಳಿಯುವುದಿಲ್ಲ. ಆತ್ಮರಕ್ಷಣೆಯ ಹೆಸರು ಹೇಳುವ ಸರ್ಕಾರವನ್ನು ನಿಲ್ಲಿಸಿ ಕೇಳುವ ಅಧಿಕಾರ ಪ್ರಜೆಗಳಿಗಿರಬೇಕು. ಅದಿಲ್ಲದ ಕಡೆ ಯಾವ ವಾದವೂ ಶಾಂತಿಯನ್ನು ಉಳಿಸಲಾರದು. ತಾವೂ ಈ ಬಗ್ಗೆ ವಿಚಾರ ಮಾಡಬೇಕೆಂದು ಕೋರುತ್ತೇನೆ.