ಮಸ್ಕತ್‌ನಲ್ಲಿ ಬಾಣಂತನ

ಮಸ್ಕತ್‌ನ ರೂವಿಯಲ್ಲೋ ಅಲ್ ಖುವೈರ್‌ನಲ್ಲೋ ಕನ್ನಡದ ಮನೆಯೊಂದರಲ್ಲಿ ಹೆರಿಗೆಯಾಯಿತೆಂದರೆ ಊರಿನಿಂದ ಅಮ್ಮನ ಜೊತೆ ಚೀಲವೂ ವಿಮಾನ ಹತ್ತುತ್ತದೆ: ಅಂಟಿನುಂಡೆ, ಒಣಶುಂಠಿ, ಹೊಟ್ಟೆಗೆ ಬಿಗಿಯಲು ಹಳೆಯ ಹತ್ತಿ ಸೀರೆ. ಮೆಂತ್ಯ ಮಾತ್ರ ತರಬೇಕಿಲ್ಲ. ಒಮಾನಿ ಮನೆಗಳಲ್ಲೂ ಬಾಣಂತಿಗೆ ಮೆಂತ್ಯ ಕೊಡುತ್ತಾರೆ. ನಲವತ್ತು ದಿನದ ವಿಶ್ರಾಂತಿಯೂ ಅವರಲ್ಲಿ ಉಂಟು. ಹಿಗ್ಗಿದ ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಸುಮಾರು ಆರು ವಾರ ಬೇಕು ಅನ್ನುತ್ತಾರೆ ವೈದ್ಯರು. ಎರಡೂ ಲೆಕ್ಕ ಹತ್ತಿರ ಹತ್ತಿರ.

ಅಮ್ಮನ ವೀಸಾ ಮುಗಿದ ಮೇಲೆ ಶುರುವಾಗುತ್ತದೆ ನಿಜವಾದ ಕಷ್ಟ. ಗಂಡ ಕೆಲಸಕ್ಕೆ, ಹೊರಗೆ ಸುಡುವ ಬಿಸಿಲು, ಒಳಗೆ ಏಸಿಯ ಸದ್ದು, ಮಗುವಿನ ಅಳು. ಹೆತ್ತ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಕಣ್ಣೀರು ಬರುವುದು ಸಹಜ. ಎರಡು ವಾರ ದಾಟಿಯೂ ಮಂಕು ಕವಿದೇ ಇದ್ದರೆ, ಮಗುವನ್ನೆತ್ತಲೂ ಮನಸ್ಸಾಗದಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ‘ನಾವೆಲ್ಲ ಹೆತ್ತಿಲ್ಲವೇ?’ ಎಂದು ಫೋನಿನಲ್ಲಿ ಗದರುವುದು ಚಿಕಿತ್ಸೆಯಲ್ಲ.

ಒಮಾನಿನ 2023ರ ಕಾರ್ಮಿಕ ಕಾನೂನು ತಾಯಿಗೆ 98 ದಿನ, ತಂದೆಗೆ 7 ದಿನ ರಜೆ ಕೊಟ್ಟಿದೆ. ಏಳು ದಿನ ಏನೇನೂ ಸಾಲದು, ನಿಜ. ಆದರೂ ಅಪ್ಪಂದಿರೇ, ಅದನ್ನು ಬಿಡದೆ ತೆಗೆದುಕೊಳ್ಳಿ. ಆಮೇಲೆ ರಾತ್ರಿ ಮಗು ಎದ್ದಾಗ ನೀವೂ ಏಳಿ.